ಟವರ್ ಮೇಲೆ ಸಿಟ್ಟು, ಫೋನ್ ಮಾತ್ರ ಕಿವೀಲೇ

ಮಾನ್ಯ ಸಂಪಾದಕರೇ,

ಮೊಬೈಲ್ ರೇಡಿಯೇಷನ್ ಬಗ್ಗೆ ಪೇಪರ್‌ಗಳಲ್ಲಿ ಬರೋ ಸುದ್ದಿ, ಓದುಗರ ಪತ್ರ ಎಲ್ಲಾ ಬಿಡದೆ ಓದೋನು ನಾನು. ಒಂದ್ಸಲ ಮೊಬೈಲ್‌ನಿಂದ ಮೆದುಳು ಕ್ಯಾನ್ಸರ್ ಅಂತ ದಪ್ಪಕ್ಷರದಲ್ಲಿ ಬರತ್ತೆ, ಇನ್ನೊಂದ್ಸಲ ಅದೆಲ್ಲಾ ಸುಳ್ಳು ಆರಾಮಾಗಿ ಬಳಸಿ ಅಂತ ಬರತ್ತೆ, ವಾಟ್ಸಾಪ್‌ನಲ್ಲಿ ಓಡಾಡೋದನ್ನಂತೂ ಲೆಕ್ಕಕ್ಕೇ ತಗೊಳೋದು ಬೇಡ. ಇಷ್ಟೆಲ್ಲದ್ರ ಮಧ್ಯೆ ಫೋನ್ ಕೈಲಿ ಹಿಡ್ಕೊಂಡು ಕೂತಿರೋ ಮನುಷ್ಯ ಈಗ ಏನ್ ಮಾಡ್ಬೇಕು ಅನ್ನೋದು ಮಾತ್ರ ಎಲ್ಲೂ ಸರಿಯಾಗಿ ಬರಲ್ಲ. ನಾನು ಮೊಬೈಲ್ ನೆಟ್‌ವರ್ಕ್ ಮೇಂಟೆನೆನ್ಸ್ ಕೆಲಸದಲ್ಲಿ ಬಹಳ ವರ್ಷ ಕಳೆದೋನು, ಟವರ್ ಹತ್ತಿ ಆಂಟೆನಾ ತಿರುಗಿಸೋದು, ಗಾಡೀಲಿ ಸುತ್ತಾಡ್ತಾ ಸಿಗ್ನಲ್ ಅಳೆಯೋದು ಇದೇ ನನ್ನ ಕಸುಬು, ಹಾಗಾಗಿ ಗೊತ್ತಿರೋದನ್ನ ಬರೀತಿದೀನಿ. ಪತ್ರ ಉದ್ದ ಆಯ್ತು ಅನ್ಸಿದ್ರೆ ಕತ್ತರಿ ಹಾಕ್ಕೊಳಿ, ಟವರ್ ವಿಷಯ ಮಾತ್ರ ಕತ್ತರಿಸ್ಬೇಡಿ.

ಯಾಕಂದ್ರೆ ಜನರ ಭಯವೆಲ್ಲಾ ನಿಂತಿರೋದು ಟವರ್ ಮೇಲೆ. ಮನೆ ಎದುರು ಟವರ್ ಬಂತು ಅಂದ್ರೆ ಅರ್ಜಿ, ಸಹಿ ಸಂಗ್ರಹ, ಧರಣಿ. ಹಾಗೆ ಧರಣಿಗೆ ಕೂತೋರು ಮಧ್ಯ ಮಧ್ಯ ಎದ್ದು ಹೋಗಿ ಫೋನನ್ನ ಕಿವಿಗೆ ಅಂಟಿಸ್ಕೊಂಡು ಅರ್ಧ ಅರ್ಧ ಗಂಟೆ ಮಾತಾಡ್ತಿರ್ತಾರೆ, ಇದನ್ನ ನಾನು ಕಣ್ಣಾರೆ ನೋಡಿದೀನಿ, ನಕ್ಕಿಲ್ಲ, ನಗೋಕೆ ಹೋದ್ರೆ ಒದೆ ಬೀಳ್ತಿತ್ತು. ಆದ್ರೆ ವಿಷಯ ಏನಪ್ಪಾ ಅಂದ್ರೆ, ಅವರ ತಲೆಗೆ ಬೀಳ್ತಿದ್ದ ರೇಡಿಯೋ ತರಂಗದಲ್ಲಿ ಬಹುಪಾಲು ಆ ಟವರ್‌ದಲ್ಲ, ಅವರ ಕೈಲಿದ್ದ ಫೋನ್‌ದೇ.

ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲೇ ಇದನ್ನ ಬರೆದಿಟ್ಟಿದೆ. ಜನ ಓಡಾಡೋ ಜಾಗಗಳಲ್ಲಿ ಮೊಬೈಲ್ ಟವರ್‌ಗಳಿಂದ ಬರೋ ತರಂಗದ ಮಟ್ಟ ಅಂತರರಾಷ್ಟ್ರೀಯ ಮಿತಿಯ ಶೇ 0.002ರಿಂದ ಶೇ 2ರವರೆಗೆ ಇರತ್ತೆ ಅಂತ. ನೂರರಲ್ಲಿ ಎರಡು ಅನ್ನೋದೇ ಹೆಚ್ಚಿನ ಕಡೆಯ ಅಂಕಿ. ಅದೇ ಟಿಪ್ಪಣಿಯಲ್ಲಿ ಇನ್ನೊಂದು ಮಾತಿದೆ, ಒಂದೇ ಮಟ್ಟದ ತರಂಗ ಬಿದ್ರೂ ಟವರ್ ಸಿಗ್ನಲ್‌ಗಿಂತ ಎಫ್‌ಎಂ ರೇಡಿಯೋ, ಟಿವಿ ಸಿಗ್ನಲನ್ನ ನಮ್ಮ ಮೈ ಐದು ಪಟ್ಟಿನವರೆಗೂ ಜಾಸ್ತಿ ಹೀರತ್ತಂತೆ, ಅವುಗಳ ಫ್ರೀಕ್ವೆನ್ಸಿ ಕಮ್ಮಿ ಇರೋದ್ರಿಂದ. ರೇಡಿಯೋ ಸ್ಟೇಷನ್ ಮುಂದೆ ಧರಣಿ ಕೂತೋರನ್ನ ನಾನಂತೂ ನೋಡಿಲ್ಲ.

ಟವರ್ ಆಂಟೆನಾ ಹೇಗೆ ಕೆಲಸ ಮಾಡತ್ತೆ ಅಂತ ಗೊತ್ತಾದ್ರೂ ಭಯ ಸ್ವಲ್ಪ ಇಳಿಯತ್ತೆ. ಅದು ಎಲ್ಲಾ ದಿಕ್ಕಿಗೂ ಸಮಾನಾಗಿ ಚೆಲ್ಲಲ್ಲ, ಮುಂದಕ್ಕೆ ಒಂದು ಚಪ್ಪಟೆ ಬೀಮ್ ಬಿಡತ್ತೆ, ನಾವು ಅದನ್ನ ಕೆಲವೇ ಡಿಗ್ರಿ ಕೆಳಕ್ಕೆ ಬಾಗಿಸಿರ್ತೀವಿ, ಆ ಬೀಮ್ ನೆಲ ಮುಟ್ಟೋದು ಸುಮಾರು 50ರಿಂದ 300 ಮೀಟರ್ ದೂರದಲ್ಲಿ, ಅಷ್ಟೊತ್ತಿಗೆ ಅದರ ಬಲ ಹರಡಿ ತೆಳ್ಳಗಾಗಿರತ್ತೆ. ಟವರ್ ಬುಡದಲ್ಲಿ ನಿಂತೋರಿಗೆ ಎಲ್ಲಕ್ಕಿಂತ ಜಾಸ್ತಿ ಬೀಳತ್ತೆ ಅನ್ನೋದು ತಪ್ಪು ಲೆಕ್ಕ. ಅಪಾಯ ಇರೋದು ಆಂಟೆನಾದ ಮುಖದ ಎದುರಿಗೇ, ಕೆಲವು ಮೀಟರ್ ಒಳಗೆ, ಅದಕ್ಕೇ ನಮ್ಮೋರು ಅದರ ಮುಂದೆ ಕೆಲಸ ಮಾಡೋ ಮುಂಚೆ ಪವರ್ ಇಳಿಸ್ತಾರೆ. ಹಾಗಂತ ಟವರ್ ಎಲ್ಲಿ ಬೇಕಾದ್ರೂ ನಿಲ್ಲಿಸ್ಬೋದು ಅಂತಲ್ಲ, ಎದುರು ಕಟ್ಟಡದ ಮೇಲ್ಮಹಡಿ ಆಂಟೆನಾಗೆ ಸರಿಸಮಕ್ಕೆ ಹತ್ತಿರದಲ್ಲಿ ಇದ್ರೆ ಅಳತೆ ಮಾಡಿಸಿ ಅಂತ ಕೇಳೋ ಹಕ್ಕು ಎಲ್ಲರಿಗೂ ಇದೆ, ಕೇಳ್ಬೇಕು ಕೂಡ. ಕೇಳೋದು ಅಳತೆ ಮಾಡಿಸಿ ಅಂತ ಇರ್ಲಿ, ಕಿತ್ತಾಕಿ ಅಂತಲ್ಲ.

ಈಗ ಫೋನ್ ವಿಷಯಕ್ಕೆ ಬರ್ತೀನಿ, ಇದನ್ನ ಸ್ವಲ್ಪ ನಿಧಾನಕ್ಕೆ ಹೇಳ್ಬೇಕು. 4ಜಿ ಫೋನ್ ಹೆಚ್ಚಂದ್ರೆ 0.2 ವ್ಯಾಟ್ ಪವರ್ ಬಿಡತ್ತೆ. ಕೇಳೋಕೆ ಏನೂ ಇಲ್ಲ ಅನ್ಸತ್ತೆ, ಟವರ್ ಮುಂದೆ ಇದ್ಯಾವ ಲೆಕ್ಕ ಅಂತ. ಆದ್ರೆ ಟವರ್ ಇರೋದು ನೂರಾರು ಮೀಟರ್ ದೂರ, ಫೋನ್ ಇರೋದು ಕಿವಿಗೆ ಒತ್ಕೊಂಡು, ನಡುವೆ ಅಂತರ ಅನ್ನೋದೇ ಇಲ್ಲ. ಇನ್ನೂ ಒಂದು, ಬಹಳ ಜನರಿಗೆ ಗೊತ್ತಿಲ್ಲದ್ದು, ಫೋನ್ ಯಾವಾಗ್ಲೂ ಒಂದೇ ಪವರ್‌ನಲ್ಲಿ ಕೆಲಸ ಮಾಡಲ್ಲ. ಹತ್ರ ಇರೋರ ಜೊತೆ ಮೆಲ್ಲಗೆ ಮಾತಾಡ್ತೀವಿ, ದೂರ ಇರೋರಿಗೆ ಕೂಗ್ತೀವಲ್ಲ, ಫೋನೂ ಅಷ್ಟೇ. ಸಿಗ್ನಲ್ ಚೆನ್ನಾಗಿದ್ರೆ ಮಿಲಿವ್ಯಾಟಿನ ಭಾಗದಲ್ಲೇ ಕೆಲಸ ಮುಗಿಸತ್ತೆ, ಸಿಗ್ನಲ್ ಸತ್ತಿದ್ರೆ ಪೂರ್ತಿ 200 ಮಿಲಿವ್ಯಾಟ್‌ಗೆ ಏರತ್ತೆ. ನೂರು ಪಟ್ಟು, ಕೆಲವು ಸಲ ಸಾವಿರ ಪಟ್ಟು ವ್ಯತ್ಯಾಸ ಇದು. 3ಜಿಯಲ್ಲಂತೂ ಟವರ್ ಫೋನಿಗೆ ಪವರ್ ಏರಿಸು ಇಳಿಸು ಅಂತ ಸೆಕೆಂಡಿಗೆ 1500 ಸಲ ಹೇಳ್ತಾ ಇರತ್ತೆ.

ಇದನ್ನ ಯಾರು ಬೇಕಾದ್ರೂ ನೋಡ್ಕೋಬೋದು, ಮೀಟರ್ ಬೇಕಿಲ್ಲ. ಆಂಡ್ರಾಯ್ಡ್ ಫೋನ್ ಆದ್ರೆ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್, ಅದರೊಳಗೆ ಸಿಮ್ ಸ್ಟೇಟಸ್ ಅಂತ ಇರತ್ತೆ, ಕೆಲವು ಕಂಪನಿಗಳು ಬೇರೆ ಜಾಗದಲ್ಲಿ ಇಟ್ಟಿರ್ತಾರೆ, ಹುಡುಕಿ. ಅಲ್ಲಿ ಸಿಗ್ನಲ್ ಸ್ಟ್ರೆಂತ್ ಅಂತ ಮೈನಸ್ ಚಿಹ್ನೆ ಜೊತೆ ಒಂದು ಅಂಕಿ, ಮುಂದೆ ಡಿಬಿಎಂ ಅಂತ. ಮೈನಸ್ 80 ಇದ್ರೆ ಚೆನ್ನಾಗಿದೆ, ಮೈನಸ್ 115 ಅಂದ್ರೆ ಉಸಿರು ಹಿಡ್ಕೊಂಡಿದೆ ಅಂತ. ಇದ್ರಲ್ಲಿ ಪ್ರತಿ 10 ಇಳಿದಂಗೆ ಸಿಗ್ನಲ್ ಹತ್ತನೇ ಒಂದು ಭಾಗಕ್ಕೆ ಬೀಳತ್ತೆ, ಅಂದ್ರೆ 80ಕ್ಕೂ 110ಕ್ಕೂ ಮಧ್ಯೆ ಸಾವಿರ ಪಟ್ಟು ಅಂತರ. ಫೋನ್ ಹಿಡ್ಕೊಂಡು ಕಿಟಕಿ ಹತ್ರ ನಿಲ್ಲಿ, ಅಂಕಿ ನೋಡಿ, ಹಾಗೇ ಒಳಗಿನ ರೂಮಿಗೆ, ಅಲ್ಲಿಂದ ಲಿಫ್ಟ್ ಒಳಗೆ ಹೋಗಿ, ಅಂಕಿ ಹೇಗೆ ಜಾರತ್ತೆ ಅಂತ ಕಣ್ಣೆದುರೇ ಕಾಣತ್ತೆ. ಆ ಜಾರಿದ ಜಾಗದಲ್ಲಿ ನಿಂತ್ಕೊಂಡು ಹಲೋ ಹಲೋ ಕೇಳಿಸ್ತಿದ್ಯಾ ಅಂತ ನಾವು ಫೋನನ್ನ ಇನ್ನಷ್ಟು ಬಿಗಿಯಾಗಿ ಕಿವಿಗೆ ಒತ್ಕೋತೀವಿ ನೋಡಿ, ಆಗಲೇ ಅದು ಪೂರ್ತಿ ದನಿಯಲ್ಲಿ ಕೂಗ್ತಿರೋದು.

ಹಾಗಾಗಿ ಟವರ್ ತೆಗೆಸೋದ್ರಿಂದ ಏನಾಗತ್ತೆ ಅಂತ ಯೋಚನೆ ಮಾಡಿ. ಒಂದು ಕಡೆ ಜನ ಪಟ್ಟು ಹಿಡಿದು ತೆಗೆಸಿದ್ರು, ಊರು ಹೆಸರು ಬೇಡ ಬಿಡಿ, ಆಮೇಲೆ ಅದೇ ಜನ ಮನೆ ಒಳಗೆ ಕಾಲ್ ಕಟ್ ಆಗ್ತಿದೆ, ಫೋನ್ ಬಿಸಿ ಆಗತ್ತೆ, ಬ್ಯಾಟರಿ ಸಂಜೆವರೆಗೂ ಬರ್ತಿಲ್ಲ ಅಂತ ಕಂಪ್ಲೇಂಟ್ ಕೊಡೋಕೆ ಶುರು ಮಾಡಿದ್ರು. ಬ್ಯಾಟರಿ ಬರ್ದೇ ಇರೋದೇ ಸಾಕ್ಷಿ, ಫೋನ್ ಜಾಸ್ತಿ ಪವರ್ ಬಿಡ್ತಿದೆ ಅಂತ, ಆ ಪವರ್‌ನಲ್ಲಿ ಒಂದು ಪಾಲು ಅವರ ತಲೆಗೇ.

ಈಗ ರೇಡಿಯೇಷನ್ ಅಂದ್ರೆ ಏನು ಅನ್ನೋದು. ಎಕ್ಸ್‌ರೇ, ಗಾಮಾ ಕಿರಣ ಅಂತ ಇದಾವಲ್ಲ, ಅವುಗಳ ಒಂದೊಂದು ಕಣಕ್ಕೂ ಪರಮಾಣುವಿನಿಂದ ಎಲೆಕ್ಟ್ರಾನ್ ಕಿತ್ತು ಎಸೆಯೋ ಶಕ್ತಿ ಇದೆ, ಡಿಎನ್‌ಎ ಮುರಿಯೋದು ಹಾಗೇ. ಅದಕ್ಕೆ ಸುಮಾರು 10 ಎಲೆಕ್ಟ್ರಾನ್ ವೋಲ್ಟ್‌ನಷ್ಟು ಶಕ್ತಿ ಬೇಕು. 900 ಮೆಗಾಹರ್ಟ್ಸ್ ಮೊಬೈಲ್ ತರಂಗದ ಒಂದು ಕಣದಲ್ಲಿ ಇರೋದು ಒಂದು ಎಲೆಕ್ಟ್ರಾನ್ ವೋಲ್ಟಿನ ಹತ್ತು ಲಕ್ಷದಲ್ಲಿ ನಾಲ್ಕು ಭಾಗ, ಅಷ್ಟೇ. ಎಷ್ಟು ಕಣ ಬಂದ್ರೂ ಒಂದೊಂದ್ರ ತಾಕತ್ತು ಅಷ್ಟೇ ಇರತ್ತೆ, ಒಟ್ಟಾಗಿ ಸೇರ್ಕೊಂಡು ಡಿಎನ್‌ಎ ಮುರಿಯಲ್ಲ. ಅಣುಬಾಂಬು, ಚೆರ್ನೋಬಿಲ್ ಫೋಟೋ ಹಾಕಿ ಪಕ್ಕದಲ್ಲಿ ಮೊಬೈಲ್ ಚಿತ್ರ ಹಾಕೋರಿಗೆ ಇದನ್ನ ಯಾರಾದ್ರೂ ಹೇಳ್ಬೇಕು.

ಹಾಗಾದ್ರೆ ಮೊಬೈಲ್ ತರಂಗ ಮೈಗೆ ಏನೂ ಮಾಡಲ್ವಾ ಅಂದ್ರೆ, ಬಿಸಿ ಮಾಡತ್ತೆ. ಪಕ್ಕಾ ಸಾಬೀತಾಗಿರೋ ಪರಿಣಾಮ ಇದೊಂದೇ. ಮೈ ಎಷ್ಟು ಹೀರ್ಕೊಳತ್ತೆ ಅನ್ನೋದನ್ನ ಎಸ್‌ಎಆರ್ ಅಂತ ಅಳೀತಾರೆ, ಒಂದು ಕೆಜಿ ತೂಕಕ್ಕೆ ಎಷ್ಟು ವ್ಯಾಟ್ ಅಂತ. ಇಡೀ ಮೈಗೆ ಕೆಜಿಗೆ 4 ವ್ಯಾಟ್ ಬಿದ್ರೆ ಮೈ ತಾಪ ಸುಮಾರು 1 ಡಿಗ್ರಿ ಏರತ್ತೆ ಅನ್ನೋ ಲೆಕ್ಕದಿಂದ ಶುರು ಮಾಡಿ, ಸಾಮಾನ್ಯ ಜನರಿಗೆ ಅದರ ಐವತ್ತನೇ ಒಂದು ಭಾಗ, ಅಂದ್ರೆ 0.08 ವ್ಯಾಟ್ ಅಂತ ಮಿತಿ ಇಟ್ಟಿದಾರೆ. ತಲೆಯಂಥ ಒಂದು ಭಾಗಕ್ಕೆ ಬೀಳೋದಕ್ಕೆ ಬೇರೆ ಮಿತಿ, ಅಮೆರಿಕದಲ್ಲಿ ಒಂದು ಗ್ರಾಂ ಅಂಗಾಂಶದ ಸರಾಸರಿಯಲ್ಲಿ ಕೆಜಿಗೆ 1.6 ವ್ಯಾಟ್, ಯುರೋಪಿನಲ್ಲಿ ಹತ್ತು ಗ್ರಾಂ ಸರಾಸರಿಯಲ್ಲಿ 2 ವ್ಯಾಟ್, ಭಾರತ 2012ರ ಸೆಪ್ಟೆಂಬರ್‌ನಿಂದ ಅಮೆರಿಕದ ಲೆಕ್ಕವನ್ನೇ ಹಿಡ್ಕೊಂಡಿದೆ. ಅಂದಹಾಗೆ ತುಂಬಾ ಹೊತ್ತು ಮಾತಾಡಿದ್ಮೇಲೆ ಕಿವಿ ಸುಡತ್ತಲ್ಲ, ಅದು ರೇಡಿಯೇಷನ್ ಅಂತ ಎಲ್ಲರೂ ಅಂದ್ಕೋತಾರೆ, ಅದ್ರಲ್ಲಿ ಬಹುಪಾಲು ಬ್ಯಾಟರಿ ಮತ್ತೆ ಒಳಗಿನ ಸರ್ಕ್ಯೂಟಿನ ಬಿಸಿ, ಜೊತೆಗೆ ಕಿವಿಗೆ ಗಾಳಿ ಆಡದಂಗೆ ಮುಚ್ಚಿಟ್ಟಿರ್ತೀವಿ.

ಡಯಲ್ ಪ್ಯಾಡ್‌ನಲ್ಲಿ *#07# ಒತ್ತಿದ್ರೆ ತುಂಬಾ ಫೋನ್‌ಗಳಲ್ಲಿ ಎಸ್‌ಎಆರ್ ಅಂಕಿ ಕಾಣತ್ತೆ. ನನ್ನ ಫೋನ್ 0.9, ನಿಂದು 1.3, ನಂದು ಸೇಫ್ ಅಂತ ಹುಡುಗರು ಜಗಳ ಆಡೋದು ಕೇಳಿದೀನಿ. ಆ ಅಂಕಿ ಬರೋದು ಲ್ಯಾಬ್‌ನಲ್ಲಿ ಫೋನನ್ನ ಪೂರ್ತಿ ಪವರ್‌ಗೆ ಏರಿಸಿ, ದ್ರವ ತುಂಬಿದ ಪ್ಲಾಸ್ಟಿಕ್ ತಲೆ ಪಕ್ಕ ಇಟ್ಟು ಅಳೆದಾಗ. ದಿನಾ ಬಳಸೋವಾಗ 1.3 ಇರೋ ಫೋನ್ ಒಳ್ಳೆ ಸಿಗ್ನಲ್‌ನಲ್ಲಿ ಇದ್ರೆ, 0.9 ಇರೋ ಫೋನ್ ಲಿಫ್ಟ್ ಒಳಗೆ ಇದ್ರೆ, ಯಾವುದ್ರಿಂದ ಜಾಸ್ತಿ ಬಿತ್ತು ಹೇಳಿ. ಅಮೆರಿಕದ ಟೆಲಿಕಾಂ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ಕೂಡ ಇದನ್ನೇ ಹೇಳತ್ತೆ, ಈ ಅಂಕಿ ನೋಡಿ ಫೋನ್ ಫೋನಿಗೆ ಹೋಲಿಕೆ ಮಾಡ್ಬೇಡಿ ಅಂತ. ಮಿತಿ ಒಳಗೆ ಇದೆಯಾ ಅಂತ ನೋಡೋಕೆ ಮಾತ್ರ ಅದು.

ಆದ್ರೆ ಮಿತಿ ಪಾಲನೆ ಆಗ್ತಿದೆಯಾ ಅಂತ ಕಣ್ಣಿಟ್ಟು ನೋಡೋರು ಬೇಕೇ ಬೇಕು. 2023ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನಲ್ಲಿ ರೇಡಿಯೋ ತರಂಗ ನೋಡ್ಕೊಳೋ ಎಎನ್‌ಎಫ್‌ಆರ್ ಅನ್ನೋ ಸರ್ಕಾರಿ ಸಂಸ್ಥೆ ಐಫೋನ್ 12 ತಗೊಂಡು ಅಳೆದಾಗ ಕೈಲಿ ಹಿಡಿದಾಗಿನ, ಜೇಬಿಗೆ ಅಂಟ್ಕೊಂಡು ಇದ್ದಾಗಿನ ಮಟ್ಟ ಕೆಜಿಗೆ 5.74 ವ್ಯಾಟ್ ಬಂತು, ಕೈಕಾಲಿಗೆ ಅಂತ ಇರೋ ಬೇರೆ ಮಿತಿ 4. ಮಾರಾಟ ನಿಲ್ಲಿಸಿದ್ರು, ಕಂಪನಿ ಸಾಫ್ಟ್‌ವೇರ್ ಅಪ್‌ಡೇಟ್ ಕೊಡ್ಬೇಕಾಯ್ತು. ಅಂಗಡಿಯಿಂದ ಫೋನ್ ತಂದು ಅಳೆಯೋ ಸರ್ಕಾರಿ ವ್ಯವಸ್ಥೆ ಇದ್ದಿದ್ದಕ್ಕೆ ಇದು ಸಿಕ್ತು, ಬರೀ ಕಂಪನಿ ಕೊಟ್ಟ ಕಾಗದ ನಂಬಿದ್ರೆ ಸಿಗ್ತಿರ್ಲಿಲ್ಲ. ಇಂಥ ವಿಷಯಕ್ಕೆ ಧರಣಿ ಕೂತ್ರೆ ನಾನೂ ಬಂದು ಕೂರ್ತೀನಿ. ಇನ್ನು ಫೋನ್ ಜೊತೆ ಬರೋ ಪುಟಾಣಿ ಅಕ್ಷರದ ಪುಸ್ತಕ, ಯಾರೂ ಬಿಚ್ಚದೇ ಎಸೆಯೋದು, ಅದ್ರಲ್ಲಿ ಮೈಯಿಂದ ಇಷ್ಟು ಮಿಲಿಮೀಟರ್ ದೂರ ಇಟ್ಟು ಪರೀಕ್ಷೆ ಮಾಡಿದೀವಿ ಅಂತ ಬರೆದಿರತ್ತೆ, ಕೆಲವುದ್ರಲ್ಲಿ 5, ಹಳೇ ಫೋನ್‌ಗಳಲ್ಲಿ 15. ಅಂದ್ರೆ ಮೈಗೆ ಅಂಟಿಸಿ ಇಟ್ಕೊಳೋದನ್ನ ಅವರು ಅಳೆದೇ ಇಲ್ಲ!

ಕ್ಯಾನ್ಸರ್ ವಿಷಯ. ಎಲ್ಲರೂ ಹಿಡ್ಕೊಳೋದು 2011ರ ಮೇ ತಿಂಗಳ ಸುದ್ದಿಯನ್ನ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ ರೇಡಿಯೋ ತರಂಗಗಳನ್ನ 2ಬಿ ಗುಂಪಿಗೆ ಸೇರಿಸ್ತು ಅನ್ನೋದು. ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು, ಆದ್ರೆ ಪುರಾವೆ ಅರೆಬರೆ ಅನ್ನೋವಾಗ ಹಾಕೋ ಗುಂಪು ಅದು. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಗುಂಪಿನಲ್ಲಿದೆ, ತಂಬಾಕು ಇರೋದು ಮೊದಲನೇ ಗುಂಪಿನಲ್ಲಿ. ಗುಂಪು ಹೇಳೋದು ಪುರಾವೆ ಎಷ್ಟು ಗಟ್ಟಿ ಅಂತ, ಅಪಾಯ ಎಷ್ಟು ದೊಡ್ಡದು ಅಂತಲ್ಲ, ಇದನ್ನ ಹೆಡ್ಡಿಂಗ್ ಬರೆಯೋರು ಮರೆತುಬಿಡ್ತಾರೆ.

ಐಎಆರ್‌ಸಿ ಹಾಗೆ ಹೇಳೋಕೆ ಒಂದು ಕಾರಣ 13 ದೇಶಗಳ ಇಂಟರ್‌ಫೋನ್ ಅಧ್ಯಯನ, 2010ರಲ್ಲಿ ಬಂದಿದ್ದು. ಒಟ್ಟಾರೆ ನೋಡಿದ್ರೆ ಕ್ಯಾನ್ಸರ್ ಜಾಸ್ತಿ ಆಗಿರ್ಲಿಲ್ಲ, ಆದ್ರೆ ಎಲ್ಲರಿಗಿಂತ ಜಾಸ್ತಿ ಮಾತಾಡಿದ ಹತ್ತರಲ್ಲಿ ಒಂದು ಪಾಲು ಜನ, ಅಂದ್ರೆ ಒಟ್ಟು 1640 ಗಂಟೆಗೂ ಮೇಲೆ ಮಾತಾಡಿದೀವಿ ಅಂದೋರು, ಅವರಲ್ಲಿ ಗ್ಲಯೋಮಾ ಅನ್ನೋ ಮೆದುಳು ಗೆಡ್ಡೆ ಶೇ 40ರಷ್ಟು ಹೆಚ್ಚು ಕಾಣಿಸ್ತು. ಇದೊಂದನ್ನೇ ಎತ್ತಿ ತೋರಿಸ್ತಾರೆ. ಅದೇ ಅಧ್ಯಯನದಲ್ಲಿ ಮಾಮೂಲಿ ಬಳಕೆದಾರರಿಗೆ ಫೋನ್ ಬಳಸದೇ ಇದ್ದೋರಿಗಿಂತ ಗ್ಲಯೋಮಾ ಕಮ್ಮಿ ಅಂತ ಬಂದಿತ್ತು, ಫೋನ್ ಕ್ಯಾನ್ಸರ್‌ಗೆ ಮದ್ದು ಅಂತ ಯಾರಾದ್ರೂ ಹೇಳಿದ್ರಾ? ಆ ಶೇ 40ಕ್ಕೆ ಒಂದು ಕಾರಣ ಇರಬಹುದು, ಹಿಂದೆ ಎಷ್ಟು ಮಾತಾಡಿದ್ರಿ ಅಂತ ರೋಗಿಗಳ ನೆನಪಿನಿಂದ ಕೇಳಿ ಬರ್ಕೊಂಡಿದ್ದು ಅದು, ಯಾರಿಗೂ ನೆನಪಿರಲ್ಲ, ಕೆಲವರು ನಂಬೋಕೇ ಆಗದಷ್ಟು ಗಂಟೆ ಹೇಳಿದ್ರು.

ಅದಾದ್ಮೇಲೆ ನೆನಪನ್ನ ನೆಚ್ಕೊಳದೆ, ಮೊದಲೇ ಜನರನ್ನ ಸೇರಿಸ್ಕೊಂಡು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳು ಬಂದ್ವು. ಬ್ರಿಟನ್ನಿನ ಮಿಲಿಯನ್ ವಿಮೆನ್ ಅಧ್ಯಯನದ ಫಲಿತಾಂಶ 2022ರಲ್ಲಿ, ಏಳೂವರೆ ಲಕ್ಷಕ್ಕೂ ಹೆಚ್ಚು ಹೆಂಗಸರು, ಮೆದುಳು ಗೆಡ್ಡೆ ಜಾಸ್ತಿ ಇಲ್ಲ. ಕಾಸ್ಮೋಸ್ ಅಂತ ಯುರೋಪಿನ ಐದು ದೇಶಗಳದ್ದು 2024ರಲ್ಲಿ, ಎರಡೂವರೆ ಲಕ್ಷಕ್ಕಿಂತ ಹೆಚ್ಚು ಜನ, ಜಾಸ್ತಿ ಇಲ್ಲ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ, 63 ಅಧ್ಯಯನಗಳನ್ನ ಸೇರಿಸಿದ ಪರಿಶೀಲನೆಯಲ್ಲೂ ಮೊಬೈಲ್‌ಗೂ ಮೆದುಳು ಕ್ಯಾನ್ಸರ್‌ಗೂ ನಂಟು ಸಿಗಲಿಲ್ಲ. ಇನ್ನು ಎಲ್ಲಕ್ಕಿಂತ ಸರಳ ಲೆಕ್ಕ, ಫೋನ್ ಬಳಕೆ ಆಕಾಶಕ್ಕೇರಿದ ಈ ದಶಕಗಳಲ್ಲಿ ಮೆದುಳು ಕ್ಯಾನ್ಸರ್ ಪ್ರಮಾಣ ನಾರ್ಡಿಕ್ ದೇಶಗಳಲ್ಲಾಗ್ಲಿ, ಅಮೆರಿಕ, ಆಸ್ಟ್ರೇಲಿಯಾದಲ್ಲಾಗ್ಲಿ ಅದರ ಜೊತೆ ಏರಿಲ್ಲ.

ಇಲಿಗಳ ಸುದ್ದಿಯೂ ಆಗಾಗ ಬರತ್ತೆ. ಯಾವ ವಸ್ತು ಮೈಗೆ ವಿಷ ಅಂತ ಪರೀಕ್ಷೆ ಮಾಡೋ ಅಮೆರಿಕ ಸರ್ಕಾರದ ಎನ್‌ಟಿಪಿ 2018ರಲ್ಲಿ ಕೊಟ್ಟ ವರದಿಯಲ್ಲಿ ಗಂಡು ಇಲಿಗಳ ಹೃದಯದಲ್ಲಿ ಗೆಡ್ಡೆ ಕಂಡಿದ್ದು ನಿಜ, ಸ್ಪಷ್ಟ ಪುರಾವೆ ಅಂತಲೇ ಅವರು ಬರೆದ್ರು. ಆ ಇಲಿಗಳಿಗೆ ದಿನಕ್ಕೆ 9 ಗಂಟೆ, ಎರಡು ವರ್ಷ, ಇಡೀ ಮೈಗೆ ಕೆಜಿಗೆ 6 ವ್ಯಾಟ್‌ವರೆಗೂ ಬಿಟ್ಟಿದ್ರು, ನಮ್ಮ ಇಡೀ ಮೈ ಮಿತಿ 0.08 ಅಂತ ಮೇಲೆ ಬರೆದಿದೀನಲ್ಲ, ಅದರ ಪಕ್ಕ ಇಟ್ಟು ನೋಡಿ. ವಿಚಿತ್ರ ಅಂದ್ರೆ ತರಂಗ ಬಿದ್ದ ಗಂಡು ಇಲಿಗಳೇ ಬೀಳದೇ ಇದ್ದವಕ್ಕಿಂತ ಜಾಸ್ತಿ ದಿನ ಬದುಕಿದ್ವು. ಇದನ್ನ ಯಾವ ವಾಟ್ಸಾಪ್ ಮೆಸೇಜೂ ಹೇಳಲ್ಲ.

5ಜಿ ಬಗ್ಗೆ ಎರಡೇ ಮಾತು. ಅದು ಬಹಳ ಕಡೆ ನಡೆಯೋದು 700 ಮೆಗಾಹರ್ಟ್ಸ್, 3.5 ಗಿಗಾಹರ್ಟ್ಸ್ ಇಂಥ ಫ್ರೀಕ್ವೆನ್ಸಿಗಳಲ್ಲಿ, ವೈಫೈ 2.4 ಮತ್ತೆ 5 ಗಿಗಾಹರ್ಟ್ಸ್‌ನಲ್ಲಿ ಇಷ್ಟು ವರ್ಷದಿಂದ ಮನೆ ಒಳಗೇ ಇದೆ. ಮಿಲಿಮೀಟರ್ ತರಂಗ ಅನ್ನೋ 26 ಗಿಗಾಹರ್ಟ್ಸ್‌ದು ಚರ್ಮದ ಮೇಲ್ಪದರದಲ್ಲೇ ನಿಂತುಹೋಗತ್ತೆ, ಒಳಗೆ ಇಳಿಯಲ್ಲ. 2020ರ ಏಪ್ರಿಲ್‌ನಲ್ಲಿ ಬ್ರಿಟನ್ನಿನಲ್ಲಿ 5ಜಿಯಿಂದ ಕೊರೊನಾ ಬರತ್ತೆ ಅಂತ ಟವರ್‌ಗಳಿಗೆ ಬೆಂಕಿ ಇಟ್ರು, ಆಸ್ಪತ್ರೆಯಲ್ಲಿ ಇದ್ದೋರಿಗೆ ಫೋನ್ ಒಂದೇ ದಾರಿ ಆಗಿದ್ದ ದಿನಗಳಲ್ಲಿ!

ಇಷ್ಟೆಲ್ಲಾ ಕೇಳಿದ್ಮೇಲೆ ಹಾಗಾದ್ರೆ ಹುಷಾರಾಗಿ ಇರೋದೇ ಬೇಡ್ವಾ ಅಂತ ಕೇಳ್ತೀರ. ಇರ್ಬೇಕು ಅಂತಲೇ ನನ್ನ ಅಭಿಪ್ರಾಯ, ಯಾಕಂದ್ರೆ ಇದಕ್ಕೆ ಖರ್ಚಿಲ್ಲ, ತೊಂದ್ರೆ ಇಲ್ಲ, ಬ್ಯಾಟರಿನೂ ಉಳಿಯತ್ತೆ. ಕ್ಯಾಲಿಫೋರ್ನಿಯಾದ ಆರೋಗ್ಯ ಇಲಾಖೆ 2017ರ ಡಿಸೆಂಬರ್‌ನಲ್ಲಿ ಜನರಿಗೆ ಕೊಟ್ಟ ಸಲಹೆಯೂ ಇದೇ ದಾರಿಯದ್ದು. ಮುಖ್ಯವಾದ್ದು ದೂರ. ಸ್ಪೀಕರ್ ಹಾಕಿ ಕೈಲಿ ಹಿಡ್ಕೊಂಡು ಮಾತಾಡಿದ್ರೆ, ಇಲ್ಲಾ ವೈರ್ ಇಯರ್‌ಫೋನ್ ಹಾಕ್ಕೊಂಡು ಫೋನ್ ಮೇಜಿನ ಮೇಲೆ ಇಟ್ರೆ ತಲೆಗೆ ಬೀಳೋದು ಹೇಳಹೆಸರಿಲ್ಲದಂಗೆ ಇಳಿಯತ್ತೆ, ಕೆಲವು ಸೆಂಟಿಮೀಟರ್ ಸರಿಸಿದ್ರೇ ದೊಡ್ಡ ವ್ಯತ್ಯಾಸ. ಬ್ಲೂಟೂತ್ ಇಯರ್‌ಫೋನೂ ತರಂಗ ಬಿಡತ್ತೆ, ಆದ್ರೆ ಸಾಮಾನ್ಯಕ್ಕೆ ಬರೋವು ಹೆಚ್ಚಂದ್ರೆ 2.5 ಮಿಲಿವ್ಯಾಟ್, ಫೋನಿನ 200 ಎಲ್ಲಿ ಇದೆಲ್ಲಿ. ಬ್ಲೂಟೂತ್ ಕಿವೀಲಿದ್ರೆ ಮೆದುಳು ಬೇಯತ್ತೆ ಅಂತ ಹೇಳ್ತಾ ಫೋನನ್ನೇ ಕಿವಿಗೆ ಇಟ್ಕೊಳೋರನ್ನ ಕಂಡ್ರೆ ನನಗೆ ಏನ್ ಹೇಳ್ಬೇಕೋ ಗೊತ್ತಾಗಲ್ಲ.

ಎರಡನೇದು ಜಾಗ. ಒಂದೇ ಕಡ್ಡಿ ತೋರಿಸೋ ಜಾಗದಲ್ಲಿ ಉದ್ದದ ಮಾತು ಬೇಡ, ಬಂದ ಮೇಲೆ ಮಾಡ್ತೀನಿ ಅಂತ ಒಂದು ಮೆಸೇಜ್ ಹಾಕಿ. ಲಿಫ್ಟ್, ಬೇಸ್‌ಮೆಂಟ್ ಪಾರ್ಕಿಂಗ್ ಇವೆಲ್ಲಾ ಆ ಪಟ್ಟಿಗೇ. ಓಡೋ ಗಾಡಿ, ರೈಲಿನಲ್ಲಿ ಫೋನ್ ಒಂದು ಟವರ್ ಬಿಟ್ಟು ಇನ್ನೊಂದನ್ನ ಹಿಡೀತಾ ಇರತ್ತೆ, ಸುತ್ತ ಕಬ್ಬಿಣದ ಡಬ್ಬ ಬೇರೆ, ಅಲ್ಲೂ ಪವರ್ ಏರಿಕೊಂಡೇ ಇರತ್ತೆ. 2ಜಿ ನೆಟ್‌ವರ್ಕ್‌ನಲ್ಲಿ ಕಾಲ್ ಕನೆಕ್ಟ್ ಆಗೋ ಹೊತ್ತಿಗೆ ಫೋನ್ ಪೂರ್ತಿ ಪವರ್ ಬಿಡತ್ತೆ, ಹಾಗಾಗಿ ಆ ಕಡೆಯೋರು ಎತ್ತಿದ್ಮೇಲೆ ಕಿವಿಗೆ ಇಡಿ. 3ಜಿ, 4ಜಿ ಕಾಲ್‌ಗಳಲ್ಲಿ ಸರಾಸರಿ ಪವರ್ 2ಜಿಗಿಂತ ಎಷ್ಟೋ ಕಮ್ಮಿ, ಈ ವಿಷಯದಲ್ಲಿ ಹೊಸದೇ ವಾಸಿ.

ರಾತ್ರಿ ದಿಂಬಿನ ಕೆಳಗೆ ಫೋನ್ ಇಟ್ಕೊಂಡು ಮಲಗೋದು ಬೇಡ, ಚಾರ್ಜಿಗೆ ಹಾಕಿಟ್ಟು ಮಲಗೋದಂತೂ ಬೇಡವೇ ಬೇಡ. ಕಾಲ್ ಇಲ್ಲದಾಗ ಫೋನ್ ಆಗಾಗ ಮಾತ್ರ ತರಂಗ ಬಿಡೋದು, ಆ ದಿಂಬಿನ ಕೆಳಗೆ ಬ್ಯಾಟರಿ ಬಿಸಿಗೆ ಬೆಂಕಿ ಹತ್ಕೊಳೋ ಭಯವೇ ದೊಡ್ಡದು. ಅಲಾರಂ ಬೇಕು ಅಂದ್ರೆ ಏರೋಪ್ಲೇನ್ ಮೋಡ್ ಹಾಕಿ, ಅಲಾರಂ ಹೊಡ್ಕೊಳತ್ತೆ, ಟವರ್ ಜೊತೆ ಮಾತು ನಿಲ್ಲತ್ತೆ, ವೈಫೈ ಬ್ಲೂಟೂತ್ ಆಫ್ ಆಗಿದೆಯಾ ಅಂತ ಒಂದ್ಸಲ ನೋಡ್ಕೊಳಿ.

ಪ್ಯಾಂಟ್ ಜೇಬಿನ ಪ್ರಶ್ನೆ ಗಂಡಸರು ಎಲ್ಲರ ಮುಂದೆ ಕೇಳಲ್ಲ, ಪಕ್ಕಕ್ಕೆ ಕರೆದು ಕೇಳ್ತಾರೆ. 2023ರಲ್ಲಿ ಸ್ವಿಟ್ಜರ್ಲೆಂಡಿನ 2886 ಯುವಕರ ಮೇಲೆ ಮಾಡಿದ ಅಧ್ಯಯನ ಬಂತು. ದಿನಕ್ಕೆ 20 ಸಲಕ್ಕಿಂತ ಜಾಸ್ತಿ ಫೋನ್ ಬಳಸೋರಲ್ಲಿ ವೀರ್ಯಾಣು ಸಂಖ್ಯೆ ಕಮ್ಮಿ ಕಂಡಿತ್ತು, ಆ ನಂಟು 2ಜಿ ಕಾಲದಿಂದ 4ಜಿ ಕಾಲಕ್ಕೆ ಬರ್ತಾ ಬರ್ತಾ ಸಡಿಲ ಆಗಿತ್ತು, ಜೇಬಿನಲ್ಲಿ ಇಟ್ಕೊಳೋದಕ್ಕೂ ಅದಕ್ಕೂ ಸಂಬಂಧ ಸಿಗಲಿಲ್ಲ. ನನ್ನ ಕೇಳಿದ್ರೆ ಬ್ಯಾಗ್ ಇದ್ರೆ ಬ್ಯಾಗ್‌ಗೆ ಹಾಕಿ, ಇಲ್ಲದಿದ್ರೆ ಜೇಬಲ್ಲಿ ಇಟ್ಟು ತಲೆ ಕೆಡಿಸ್ಕೊಳೋದು ಬಿಡಿ.

ಮಕ್ಕಳ ವಿಷಯದಲ್ಲಿ ನಾನು ಸ್ವಲ್ಪ ಬಿಗಿ. ಮಕ್ಕಳ ತಲೆಬುರುಡೆ ತೆಳು, ಫೋನಿಂದ ಮೆದುಳಿಗೆ ದೂರ ಕಮ್ಮಿ. ದೊಡ್ಡೋರಿಗೆ ಹೋಲಿಸಿದ್ರೆ ಮಕ್ಕಳ ಮೆದುಳಲ್ಲಿ ಸರಾಸರಿ ಎರಡು ಪಟ್ಟು, ತಲೆಬುರುಡೆಯ ಮಜ್ಜೆಯಲ್ಲಿ ಹತ್ತು ಪಟ್ಟಿನವರೆಗೂ ಹೆಚ್ಚು ಶಕ್ತಿ ಇಳಿಯತ್ತೆ ಅಂತ ಐಎಆರ್‌ಸಿಯೇ 2011ರಲ್ಲಿ ಬರೆದಿದೆ. ಅದಕ್ಕೂ ಮುಂಚೆ 2000ದಲ್ಲೇ ಬ್ರಿಟನ್ನಿನಲ್ಲಿ ತಜ್ಞರ ಗುಂಪು ಮೊಬೈಲ್ ಬಗ್ಗೆ ಕೊಟ್ಟ ಸ್ಟೀವರ್ಟ್ ವರದಿ ಮಕ್ಕಳು ಅನಗತ್ಯ ಕಾಲ್ ಮಾಡೋದನ್ನ ತಪ್ಪಿಸಿ ಅಂತ ಹೇಳಿತ್ತು, ಬೆಲ್ಜಿಯಂ 2014ರಿಂದ ಏಳು ವರ್ಷದೊಳಗಿನ ಮಕ್ಕಳಿಗಂತಲೇ ಮಾಡಿದ ಮೊಬೈಲ್ ಮಾರಾಟವನ್ನೇ ನಿಲ್ಲಿಸ್ತು. ಅಜ್ಜಿ ತಾತನ ಹತ್ರ ಮಾತಾಡು ಅಂತ ಕೂಸಿನ ಕಿವಿಗೆ ಫೋನ್ ಒತ್ತಿ ಹಿಡಿಯೋ ಬದಲು ಸ್ಪೀಕರ್ ಹಾಕಿ ಮುಂದೆ ಇಟ್ರೆ ಆಯ್ತು, ಮಗು ಮಾತೂ ಎಲ್ಲರಿಗೂ ಕೇಳತ್ತೆ. ವಿಡಿಯೋ ನೋಡೋಕೆ ಕೊಡೋದಾದ್ರೆ ಡೌನ್‌ಲೋಡ್ ಮಾಡಿ ಏರೋಪ್ಲೇನ್ ಮೋಡ್ ಹಾಕಿ ಕೊಡಿ, ತರಂಗಾನೂ ಇಲ್ಲ, ಒಂದಾದ್ಮೇಲೊಂದು ಹೊಸ ವಿಡಿಯೋ ತಾನಾಗೇ ಬರೋ ಕಾಟವೂ ಇಲ್ಲ.

ಮನೇಲಿ ಕಾರ್ಡ್‌ಲೆಸ್ ಫೋನ್ ಇದ್ರೆ ಅದರ ಬೇಸ್ ಮಂಚದ ತಲೆ ಪಕ್ಕ ಬೇಡ, ಯಾರೂ ಮಾತಾಡದೇ ಇದ್ರೂ ಬಹಳಷ್ಟು ಮಾಡೆಲ್‌ಗಳಲ್ಲಿ ಅದು ಸಣ್ಣಗೆ ಸಿಗ್ನಲ್ ಬಿಡ್ತಾನೇ ಇರತ್ತೆ. ವೈಫೈ ರೂಟರ್‌ದೂ ಅಷ್ಟೇ, ಮೂಲೇಲಿ ಇರ್ಲಿ.

ಈಗ ನನಗೆ ನಿಜವಾಗ್ಲೂ ಸಿಟ್ಟು ಬರೋ ವಿಷಯ, ರೇಡಿಯೇಷನ್ ತಡೆಯೋ ಸ್ಟಿಕ್ಕರ್, ಚಿಪ್, ಪೆಂಡೆಂಟ್. ಫೋನ್ ಹಿಂದೆ ಒಂದು ಬಂಗಾರದ ಬಣ್ಣದ ಬಿಲ್ಲೆ ಅಂಟಿಸಿದ್ರೆ ಶೇ 99 ರೇಡಿಯೇಷನ್ ಹೀರತ್ತೆ ಅಂತ ಜಾಹೀರಾತು. ಶೇ 99 ಹೀರಿದ್ರೆ ಕಾಲ್ ಹೇಗಪ್ಪಾ ಹೋಗತ್ತೆ? ಗ್ರಾಹಕರಿಗೆ ಮೋಸ ಆಗದಂಗೆ ನೋಡ್ಕೊಳೋ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಟಿಸಿ 2002ರಲ್ಲೇ ಇಂಥದ್ದು ಮಾರ್ತಿದ್ದೋರ ಮೇಲೆ ಕೇಸ್ ಹಾಕಿತ್ತು. ಇಡೀ ಫೋನೇ ತರಂಗ ಬಿಡೋವಾಗ ಒಂದು ಮೂಲೆ ಮುಚ್ಚಿದ್ರೆ ಪ್ರಯೋಜನ ಇಲ್ಲ, ಮೇಲಾಗಿ ಸಿಗ್ನಲ್‌ಗೆ ಅಡ್ಡ ಬಂದ್ರೆ ಫೋನ್ ಇನ್ನೂ ಜೋರಾಗಿ ಕೂಗತ್ತೆ ಅಂತ ಅವರು ಅಂದಿನಿಂದ ಹೇಳ್ತಾನೇ ಇದಾರೆ. ಇನ್ನೂ ಕೇಳಿ, 2021ರ ಡಿಸೆಂಬರ್‌ನಲ್ಲಿ ನೆದರ್ಲೆಂಡ್ಸಿನ ಅಣು ಸುರಕ್ಷತಾ ಸಂಸ್ಥೆ 5ಜಿ ತಡೆಯತ್ತೆ ಅಂತ ಮಾರ್ತಿದ್ದ ಸರ, ಬಳೆ, ಕಣ್ಣುಪಟ್ಟಿ ಹೀಗೆ ಹತ್ತು ವಸ್ತುಗಳನ್ನ ಪರೀಕ್ಷೆ ಮಾಡಿದ್ರೆ ಅವೇ ವಿಕಿರಣಶೀಲ! ಡಿಎನ್‌ಎ ಮುರಿಯೋ ಜಾತಿಯ ನಿಜವಾದ ವಿಕಿರಣ, ಕೂಡ್ಲೇ ಬಿಚ್ಚಿಡಿ ಅಂತ ಜನರಿಗೆ ಹೇಳ್ಬೇಕಾಯ್ತು. ಒಂದು ಮಕ್ಕಳ ಬಳೆಯೂ ಅದ್ರಲ್ಲಿತ್ತು.

ಫೋನ್ ಹತ್ರ ಇದ್ರೆ ತಲೆನೋವು ಬರತ್ತೆ ಅನ್ನೋರ ನೋವು ಸುಳ್ಳು ಅಂತ ನಾನು ಹೇಳಲ್ಲ. ಆದ್ರೆ ತರಂಗ ಆನ್ ಇದೆಯೋ ಆಫ್ ಇದೆಯೋ ಅಂತ ಅವರಿಗೂ, ಪರೀಕ್ಷೆ ಮಾಡೋರಿಗೂ ಗೊತ್ತಿಲ್ಲದಂಗೆ ಮಾಡಿದ ಪ್ರಯೋಗಗಳಲ್ಲಿ ಅವರು ಆನ್ ಆಫ್ ಗುರುತಿಸೋಕೆ ಆಗಿಲ್ಲ. ನೋವಿಗೆ ಬೇರೆ ಕಾರಣ ಇದೆ ಅಂತ ಡಾಕ್ಟರ್ ಹತ್ರ ಹೋಗೋದು ಒಳ್ಳೇದು, ಟವರ್ ಬೈತಾ ಕೂತ್ರೆ ಆ ಕಾರಣ ಹಾಗೇ ಉಳಿಯತ್ತೆ. ಎದೆಯಲ್ಲಿ ಪೇಸ್‌ಮೇಕರ್ ಇರೋರು ಮಾತ್ರ ಫೋನನ್ನ ಅದರಿಂದ 15 ಸೆಂಟಿಮೀಟರ್ ದೂರ ಇಡಲೇಬೇಕು, ಅಂಗಿಯ ಎಡ ಜೇಬು ಬೇಡ. ಹೊಸ ಫೋನ್‌ಗಳ ಒಳಗಿನ ಆಯಸ್ಕಾಂತವೂ ಪೇಸ್‌ಮೇಕರ್‌ಗೆ ಆಗಲ್ಲ.

ಮತ್ತೆ ಫೋನಿಂದ ಜನ ಸಾಯೋದು ನಿಜ ಸ್ವಾಮಿ, ರಸ್ತೇಲಿ. ಗಾಡಿ ಓಡಿಸ್ತಾ ಫೋನ್ ಬಳಸೋರು ಅಪಘಾತಕ್ಕೆ ಸಿಗೋ ಸಾಧ್ಯತೆ ಸುಮಾರು ನಾಲ್ಕು ಪಟ್ಟು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ, ಹ್ಯಾಂಡ್ಸ್‌ಫ್ರೀ ಹಾಕಿದ್ರೂ ಹೆಚ್ಚು ಉಳಿತಾಯ ಇಲ್ಲ, ಕೈ ಖಾಲಿ ಇದ್ರೂ ಗಮನ ಮಾತಿನ ಮೇಲೆ ಇರತ್ತೆ. ರೇಡಿಯೇಷನ್ ಭಯಕ್ಕೆ ಇಯರ್‌ಫೋನ್ ಹಾಕ್ಕೊಂಡು ಬೈಕ್ ಓಡಿಸೋರು ನನ್ನ ಹತ್ರ ಬಂದು ನಾನು ಹುಷಾರಾಗಿದೀನಿ ಅಂತ ಹೇಳ್ತಾರೆ.

ಸಂಪಾದಕರೇ, ನಿಮ್ಮಲ್ಲಿ ಕೇಳೋದು ಇಷ್ಟು. ಇನ್ನು ಮುಂದೆ ಟವರ್ ವಿರೋಧಿ ಹೋರಾಟದ ಸುದ್ದಿ ಹಾಕೋವಾಗ ಅಲ್ಲಿ ಅಳತೆ ಆಗಿದೆಯಾ, ಬಂದ ಅಂಕಿ ಎಷ್ಟು, ಮಿತಿ ಎಷ್ಟು ಅಂತ ವರದಿಗಾರರಿಗೆ ಕೇಳಿ ಬರೀರಿ ಅಂತ ಹೇಳಿ, ಆರೋಪ ಒಂದು ಪ್ಯಾರಾ ಇದ್ರೆ ಅಳತೆ ಒಂದು ಸಾಲಾದ್ರೂ ಇರ್ಲಿ. ಹೊಸ ಅಧ್ಯಯನದ ಸುದ್ದಿ ಬಂದ್ರೆ ಅದು ಜನರ ಮೇಲೆ ಮಾಡಿದ್ದಾ ಇಲಿಗಳ ಮೇಲೆ ಮಾಡಿದ್ದಾ, ಎಷ್ಟು ವ್ಯಾಟ್ ಬಿಟ್ಟಿದ್ರು ಅನ್ನೋದು ಹೆಡ್ಡಿಂಗ್ ಕೆಳಗೇ ಬರ್ಲಿ. ಮತ್ತೆ ಆ ಸ್ಟಿಕ್ಕರ್, ಪೆಂಡೆಂಟ್ ಜಾಹೀರಾತುಗಳನ್ನ ನಿಮ್ಮ ಪತ್ರಿಕೆ ತಗೊಳಲ್ಲ ಅಂತ ಒಂದು ಸಾಲು ಪ್ರಕಟಿಸಿ, ದುಡ್ಡು ಬಿಟ್ಟುಕೊಡೋದು ಕಷ್ಟ ಅಂತ ಗೊತ್ತು, ಆದ್ರೂ ಕೇಳ್ತಿದೀನಿ.

ಇಂತಿ,
ನಿಮ್ಮ ಓದುಗ, ಒಬ್ಬ ನೆಟ್‌ವರ್ಕ್ ಟೆಕ್ನಿಷಿಯನ್